ಕಿಕ್ ಬಂದೊಡನೆ ಮುಳುಗುತ್ತಿದ್ದ ಪಿಯಾನೊ: ಒಂದು ಪ್ರಕರಣ ಅಧ್ಯಯನ

ಪ್ರಾಜೆಕ್ಟ್ ಫೈಲಿನ ಹೆಸರಿನ ಕೊನೆಯಲ್ಲಿ 'ಫೈನಲ್ 14' ಎಂದಿತ್ತು. ಮನೆಯಲ್ಲೇ ಕುಳಿತು ಸಂಗೀತ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಹದಿಮೂರು ಸಲ ಮುಗಿದಿದೆ, ಒಂದು ಸಲವೂ ಮುಗಿದಿಲ್ಲ. ಕಳಿಸಿದವರು ಪಿಯಾನೊ ಶಿಕ್ಷಕಿ. ಪಾಶ್ಚಾತ್ಯ ಶಾಸ್ತ್ರೀಯ ಕ್ರಮದಲ್ಲಿ ವರ್ಷಗಟ್ಟಲೆ ಕಲಿತು ಈಗ ಮಕ್ಕಳಿಗೆ ಕಲಿಸುತ್ತಿರುವವರು. ಹೌಸ್ ಸಂಗೀತದ, ಎಂದರೆ ಕ್ಲಬ್ಬುಗಳಲ್ಲಿ ಕುಣಿಯಲು ಮಾಡುವ ಎಲೆಕ್ಟ್ರಾನಿಕ್ ಸಂಗೀತದ, ಹುಚ್ಚು ಅವರಿಗೆ ಹಿಡಿದದ್ದು ತಡವಾಗಿ. ನನಗೆ ಅದು ಮೊದಲೇ ಹಿಡಿದಿತ್ತು, ಆದರೆ ಎರಡು ಕೈಯಲ್ಲಿ ಒಂದು ಸ್ಕೇಲನ್ನು ನೆಟ್ಟಗೆ ನುಡಿಸುವ ಯೋಗ್ಯತೆ ನನಗಿಲ್ಲ. ಈ ಎರಡು ಸಂಗತಿಗಳೂ ಮುಂದಿನ ಕತೆಗೆ ಬೇಕು.

ಜತೆಗಿದ್ದ ಟಿಪ್ಪಣಿ ಚಿಕ್ಕದು. "ಪಿಯಾನೊ ಒಂದನ್ನೇ ಕೇಳಿದರೆ ಹೊಳೆಯುತ್ತದೆ. ಕಿಕ್ ಬಂದ ಕೂಡಲೇ ಮುಳುಗುತ್ತದೆ. ಪಿಯಾನೊ ಏರಿಸಿದರೆ ಕಿಕ್ ಸಪ್ಪೆ, ಕಿಕ್ ಏರಿಸಿದರೆ ಮಾಸ್ಟರ್ ಕೆಂಪು. ನೀವೇ ನೋಡಿ." ಕಿಕ್ ಎಂದರೆ ಪ್ರತಿ ಬೀಟಿಗೂ ಬೀಳುವ ದಪ್ಪ ಡ್ರಮ್ಮಿನ ಪೆಟ್ಟು. ಮಾಸ್ಟರ್ ಕೆಂಪು ಎಂದರೆ ಒಟ್ಟು ಸದ್ದು ಮಿತಿ ಮೀರಿದ ಸೂಚನೆ.

ಫೈಲು ತೆರೆದೆ. ವೇಗ ನಿಮಿಷಕ್ಕೆ 125 ಬೀಟ್. ಎ ಮೈನರ್. ನಾಲ್ಕು ಕಾರ್ಡುಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ಸುತ್ತು: ಎ ಮೈನರ್ ಸೆವೆಂತ್, ಎಫ್ ಮೇಜರ್ ಸೆವೆಂತ್, ಸಿ, ಜಿ. ಒಂದೊಂದಕ್ಕೆ ಒಂದು ಬಾರ್, ಎಂದರೆ ನಾಲ್ಕು ಬೀಟ್. ಹದಿನಾರು ಬಾರ್ ಡ್ರಮ್ಮಿನ ಪ್ರವೇಶ, ಹದಿನಾರು ಬಾರ್ ಪಿಯಾನೊ ಒಂದೇ ಇರುವ ಬ್ರೇಕ್‌ಡೌನ್, 33ನೇ ಬಾರಿನಿಂದ ಡ್ರಾಪ್, ಎಂದರೆ ಕಿಕ್, ಬೇಸ್ ಎಲ್ಲ ಒಟ್ಟಿಗೆ ನುಗ್ಗುವ ಭಾಗ. ಬ್ರೇಕ್‌ಡೌನ್ ಕೇಳಿ ನಾನು ನಿಜವಾಗಿ ಬೆರಗಾದೆ. ಕೈಬೆರಳಿನಲ್ಲಿ ಅಷ್ಟು ಏರಿಳಿತ ಇರುವವರು ಈ ಕ್ಷೇತ್ರದಲ್ಲಿ ಕಡಿಮೆ. 33ನೇ ಬಾರ್ ಬಂತು, ಕಿಕ್ ಬಿತ್ತು, ಎಲ್ಲ ಕಲಸುಮೇಲೋಗರ.

ಪಿಯಾನೊ ಟ್ರ್ಯಾಕಿನ ಮೇಲೆ ಸದ್ದನ್ನು ತಿದ್ದುವ ಒಂಬತ್ತು ಪ್ಲಗಿನ್‌ಗಳು ಕುಳಿತಿದ್ದವು. ಮೂರು ಈಕ್ಯೂ (ಆಯ್ದ ಆವರ್ತನಗಳನ್ನು ಏರಿಸಿಳಿಸುವುದು), ಎರಡು ಕಂಪ್ರೆಸರ್ (ಜೋರಾದದ್ದನ್ನು ತಗ್ಗಿಸುವುದು), ಒಂದು ಸ್ಯಾಚುರೇಟರ್ (ಸದ್ದಿಗೆ ತುಸು ಒರಟು ಸೇರಿಸುವುದು), ಎರಡು ರಿವರ್ಬ್ (ಪ್ರತಿಧ್ವನಿಯ ಗುಂಗು ಕೊಡುವುದು), ಎಲ್ಲಕ್ಕೂ ಮೇಲೆ ಕಾವಲುಗಾರನಂತೆ ಒಂದು ಲಿಮಿಟರ್. ಹದಿನಾಲ್ಕು 'ಫೈನಲ್'ಗಳ ಇತಿಹಾಸ ಅಲ್ಲೇ ಪದರಪದರವಾಗಿ ಕಾಣುತ್ತಿತ್ತು.

ನನ್ನ ತಪ್ಪು ಮೊದಲು

ಒಂಬತ್ತನ್ನೂ ತೆಗೆದುಹಾಕಿ ನಾನು ಮಾಡಿದ್ದೇನು? ಹತ್ತನೆಯದನ್ನು ಹಾಕಿದೆ. 180 ಹರ್ಟ್ಸ್‌ನಿಂದ ಕೆಳಗಿರುವುದನ್ನೆಲ್ಲ ಈಕ್ಯೂವಿನಿಂದ ಕತ್ತರಿಸಿದೆ, 300 ಹರ್ಟ್ಸ್ ಸುತ್ತ ನಾಲ್ಕು ಡೆಸಿಬೆಲ್ ಇಳಿಸಿದೆ, 3,000 ಹರ್ಟ್ಸ್ ಹತ್ತಿರ ಎರಡು ಏರಿಸಿದೆ. ಮಂಜು ಸ್ವಲ್ಪ ಕರಗಿತು. ಆದರೆ ಪಿಯಾನೊ ಪ್ಲಾಸ್ಟಿಕ್ ಆಟಿಕೆಯಂತಾಯಿತು, ತಳದ ಕೆಸರು ಪೂರ್ತಿ ಹೋಗಲೂ ಇಲ್ಲ. ಆಮೇಲೆ ಎಲ್ಲರೂ ಕೈ ಚಾಚುವ ಸೈಡ್‌ಚೈನಿಗೆ ನಾನೂ ಕೈ ಚಾಚಿದೆ. ಪಿಯಾನೊ ಮೇಲೆ ಕಂಪ್ರೆಸರ್ ಹಾಕಿ ಅದರ ಲಗಾಮನ್ನು ಕಿಕ್ಕಿನ ಕೈಗೆ ಕೊಡುವುದು. ಕಿಕ್ ಬಿದ್ದಾಗಲೆಲ್ಲ ಪಿಯಾನೊ ತಗ್ಗಿ ದಾರಿ ಬಿಡುತ್ತದೆ. ಬಿಟ್ಟಿತು, ನಿಜ. ಆದರೆ ತಗ್ಗಿ ಏಳುವಾಗ ಉಬ್ಬಸ ಹಿಡಿದವರ ಉಸಿರಿನಂತೆ ಕೇಳುತ್ತಿತ್ತು. ಒಂದು ಸಂಜೆ ಹೀಗೆ ಕಳೆಯಿತು. 'ಫೈನಲ್ 15' ಆಗದಂತೆ ಫೈಲನ್ನು ಉಳಿಸದೆ ಮುಚ್ಚಿದ್ದೇ ಅಂದು ನಾನು ತೆಗೆದುಕೊಂಡ ಒಳ್ಳೆಯ ತೀರ್ಮಾನ.

ನನ್ನಂಥವರ ದೌರ್ಬಲ್ಯವನ್ನು ಇಲ್ಲೇ ಒಪ್ಪಿಕೊಳ್ಳುತ್ತೇನೆ. ಸ್ವರಗಳನ್ನು ಓದುವುದು ನನಗೆ ಕಷ್ಟ, ಆವರ್ತನಗಳ ಗ್ರಾಫ್ ಓದುವುದು ಸುಲಭ. ಹಾಗಾಗಿ ರೋಗ ಎಲ್ಲಿದ್ದರೂ ಗ್ರಾಫಿನಲ್ಲೇ ಹುಡುಕುತ್ತೇನೆ.

ಕೆಳಗಿನ ಪಟ್ಟಿ

ಮರುದಿನ ಮಿಡಿ ಟ್ರ್ಯಾಕನ್ನು (ಸದ್ದಲ್ಲ, ಯಾವ ಸ್ವರ ಯಾವಾಗ ಎಷ್ಟು ಬಲವಾಗಿ ಎಂಬ ದಾಖಲೆ) ತೆರೆದು ಸ್ವರಗಳ ಕೆಳಗೆ ಸಾಮಾನ್ಯವಾಗಿ ಮುಚ್ಚಿಯೇ ಇರುವ ಕಂಟ್ರೋಲರ್ ಪಟ್ಟಿಯನ್ನು ಎಳೆದು ನೋಡಿದೆ. 64ನೇ ಕಂಟ್ರೋಲರ್ ಎಂದರೆ ಸಸ್ಟೇನ್ ಪೆಡಲ್, ಬೆರಳು ಎತ್ತಿದರೂ ಸ್ವರ ಮೊಳಗುತ್ತಿರುವಂತೆ ಹಿಡಿದಿಡುವ ಕಾಲಿನ ಪೆಡಲ್. ಅದರ ಬೆಲೆ 64 ಅಥವಾ ಹೆಚ್ಚಿದ್ದರೆ ಪೆಡಲ್ ಒತ್ತಿದಂತೆ, 63 ಅಥವಾ ಕಡಿಮೆ ಇದ್ದರೆ ಬಿಟ್ಟಂತೆ. ಡ್ರಾಪಿನ ಉದ್ದಕ್ಕೂ ಅದು 127ರಲ್ಲಿ ನಿಂತಿತ್ತು. ಪ್ರತಿ ಬಾರಿನ ಆರಂಭದಲ್ಲಿ ಮಾತ್ರ ಒಂದು ಕಿರಿದಾದ ಕಂದಕ.

ಆ ಕಂದಕದ ಜಾಗವೇ ಎಲ್ಲವನ್ನೂ ಹೇಳುತ್ತಿತ್ತು. ಅದು ಬಾರಿನ ಗೆರೆಯ ಮೇಲಿರಲಿಲ್ಲ, ಗೆರೆ ದಾಟಿ ಸುಮಾರು ನೂರು ಮಿಲಿಸೆಕೆಂಡಿನ ಆಚೆ ಇತ್ತು. ಶಾಸ್ತ್ರೀಯ ಪಿಯಾನೊದಲ್ಲಿ ಪೆಡಲನ್ನು ಹೀಗೇ ಬದಲಿಸಲು ಕಲಿಸುತ್ತಾರೆ: ಹೊಸ ಕಾರ್ಡನ್ನು ಮೊದಲು ನುಡಿಸು, ಆಮೇಲೆ ಪೆಡಲ್ ಎತ್ತು, ಕೂಡಲೇ ಮತ್ತೆ ಒತ್ತು. ಎರಡು ಕಾರ್ಡುಗಳ ನಡುವೆ ಬಿರುಕು ಬೀಳುವುದಿಲ್ಲ, ನಾದ ರೇಷ್ಮೆಯಂತೆ ಹರಿಯುತ್ತದೆ. ಶಿಕ್ಷಕಿಯ ಕಾಲು ಯಾವ ತಪ್ಪನ್ನೂ ಮಾಡಿರಲಿಲ್ಲ. ಆದರೆ ನಿಮಿಷಕ್ಕೆ 125ರ ವೇಗದಲ್ಲಿ ಒಂದು ಬೀಟಿನ ಉದ್ದ 480 ಮಿಲಿಸೆಕೆಂಡ್. ಹಳೆಯ ಕಾರ್ಡಿನ ಬಾಲ ಹೊಸ ಕಾರ್ಡಿನೊಳಗೆ ನುಗ್ಗುತ್ತಿದ್ದ ಆ ನೂರು ಮಿಲಿಸೆಕೆಂಡಿನಲ್ಲೇ ಕಿಕ್ಕಿನ ಪೆಟ್ಟು ಬೀಳಬೇಕಿತ್ತು. ಬಾರಿನ ಒಳಗಡೆಯೂ ಅಷ್ಟೆ. ಚುರುಕಾಗಿ ಕಡಿದು ನಿಲ್ಲಬೇಕಾದ ಪೆಟ್ಟುಗಳು ಒಂದರ ಮೇಲೊಂದು ಪೇರಿಸಿಕೊಂಡು ಮೋಡವಾಗುತ್ತಿದ್ದವು. ಹಿಂದಿನ ಸಂಜೆ ನನ್ನ ಸೈಡ್‌ಚೈನ್ ತಗ್ಗಿಸಿ ಏರಿಸುತ್ತಿದ್ದದ್ದು ಆ ಮೋಡವನ್ನು.

ಅಲ್ಲಿಗೆ ನನಗೆ ಹೊಳೆಯಿತು, ಇದು ಮಿಕ್ಸಿಂಗಿನ ತೊಂದರೆಯೇ ಅಲ್ಲ. ಅವರು ಅತಿ ಚೆನ್ನಾಗಿ ಪಿಯಾನೊ ನುಡಿಸುತ್ತಿದ್ದರು.

ಆ ಪಟ್ಟಿಯಲ್ಲಿದ್ದ ಪೆಡಲ್ ಸಂದೇಶಗಳನ್ನು ಡ್ರಾಪಿನ ಮಟ್ಟಿಗೆ ಅಳಿಸಿ ಕಳಿಸಿದೆ. ಫೋನ್ ಬಂತು. "ಇದು ಪಿಯಾನೊವೇ ಅಲ್ಲ. ಮರದ ಹಲಗೆ ಬಡಿದಂತಿದೆ."

"ಹಲಗೆಯೇ ಬೇಕಿರುವುದು" ಎಂದೆ. ಅವರು ಮೆಚ್ಚಲಿಲ್ಲ.

ನನ್ನ ಮಾತಿಗೆ ಆಧಾರವಾಗಿ ಸ್ವಲ್ಪ ಚರಿತ್ರೆ ಹೇಳಬೇಕಾಯಿತು. ಹೌಸ್ ಸಂಗೀತಕ್ಕೆ ಪಿಯಾನೊವನ್ನು ಗಟ್ಟಿಯಾಗಿ ತಂದುಕೂರಿಸಿದ್ದು 1986ರಲ್ಲಿ ಶಿಕಾಗೊದ ಮಾರ್ಷಲ್ ಜೆಫರ್ಸನ್. ಆತ ಪಳಗಿದ ಕೀಬೋರ್ಡ್ ವಾದಕರಲ್ಲ. ನಿಧಾನಗತಿಯಲ್ಲಿ ನುಡಿಸಿ ದಾಖಲಿಸಿಕೊಂಡು ಆಮೇಲೆ ವೇಗ ಏರಿಸಿದ್ದಾಗಿ ಸ್ವತಃ ಹೇಳಿಕೊಂಡಿದ್ದಾರೆ. ಎರಡು ವರ್ಷದ ನಂತರ, 1988ರಲ್ಲಿ, ಕೊರ್ಗ್ ಎಂ1 ಎಂಬ ಕೀಬೋರ್ಡ್ ಬಂತು. ಅದರ ಎಲ್ಲ ವಾದ್ಯಗಳ ಧ್ವನಿಮಾದರಿಗಳೂ ಸೇರಿ ನಾಲ್ಕು ಮೆಗಾಬೈಟ್‌ನಲ್ಲಿ ಅಡಗಬೇಕಿತ್ತು. ಇಂದಿನ ಒಂದು ಪಿಯಾನೊ ಸಂಗ್ರಹವೇ ಹಲವು ಗಿಗಾಬೈಟ್ ನುಂಗುತ್ತದೆ. ಅಷ್ಟು ಇಕ್ಕಟ್ಟಿನಲ್ಲಿ ಮೂಡಿದ ಪಿಯಾನೊಗೆ ದೇಹ ಕಡಿಮೆ, ಸುತ್ತಿಗೆಯ ಪೆಟ್ಟು ಜಾಸ್ತಿ. ಬಾಲ ಮೊಟಕು, ಮೇಲಿನ ಹೊಳಪು ಕಣ್ಣು ಕುಕ್ಕುವಷ್ಟು. ನಿಜವಾದ ಪಿಯಾನೊ ಎಂದು ಯಾರೂ ಮೋಸ ಹೋಗುವಂತಿಲ್ಲ. ಆದರೂ ಕಿಕ್ ಮತ್ತು ಬೇಸ್ ಎರಡನ್ನೂ ದಾಟಿಕೊಂಡು ಸಭಾಂಗಣದ ಕೊನೆಯ ಗೋಡೆಗೆ ತಲುಪುತ್ತಿದ್ದದ್ದು ಅದೇ. 90ರ ದಶಕದ ಕ್ಲಬ್ಬುಗಳ ಕಿವಿಗೆ 'ಪಿಯಾನೊ' ಎಂದರೆ ಆ ಸದ್ದಾಗಿಹೋಯಿತು.

ಶಿಕ್ಷಕಿ ಕೇಳಿಸಿಕೊಂಡು, "ಹಾಗಾದರೆ ನನ್ನ ಕೈ ಯಾತಕ್ಕೆ?" ಎಂದರು. ನ್ಯಾಯವಾದ ಪ್ರಶ್ನೆ. ಉತ್ತರ ನನಗೆ ಸಿಕ್ಕಿದ್ದು ಎರಡು ವಾರ ತಡವಾಗಿ.

ಏಳು ಸ್ವರ, ನಾಲ್ಕು ಸ್ವರ

ಪೆಡಲ್ ಹೋದ ಮೇಲೆ ಕೆಸರು ಅರ್ಧ ಇಳಿಯಿತು. ಉಳಿದರ್ಧ ಇದ್ದದ್ದು ಎಡಗೈಯಲ್ಲಿ.

ಎ ಮೈನರ್ ಕಾರ್ಡಿಗೆ ಅವರು ನುಡಿಸಿದ್ದು ಹೀಗೆ. ಎಡಗೈಯಲ್ಲಿ ಮಿಡಿ ಸಂಖ್ಯೆ 33 ಮತ್ತು 45, ಎಂದರೆ ಎರಡು ಎ ಸ್ವರಗಳು, ಜತೆಗೆ 48ರ ಸಿ. ಬಲಗೈಯಲ್ಲಿ ನಾಲ್ಕು ಸ್ವರ. (ಸ್ವರದ ಹೆಸರಿನ ಜತೆ ಸಂಖ್ಯೆ ಕೊಡಲು ಕಾರಣವಿದೆ: ಮಧ್ಯದ ಸಿ ಒಂದು ಸಾಫ್ಟ್‌ವೇರಿನಲ್ಲಿ ಸಿ3, ಇನ್ನೊಂದರಲ್ಲಿ ಸಿ4. ಮಿಡಿಯಲ್ಲಿ ಅದು ಎಲ್ಲೆಡೆ 60.) ಕೆಳಗಿನ ಎ 55 ಹರ್ಟ್ಸ್. ಸಿಂಥ್ ಬೇಸ್ ನುಡಿಸುತ್ತಿದ್ದದ್ದೂ ಅದೇ 55. ಕಿಕ್ಕಿನ ತಳ ಸುಮಾರು 50. ಒಂದೇ ಬಾಗಿಲಲ್ಲಿ ಮೂವರು ಒಟ್ಟಿಗೆ ನುಗ್ಗುತ್ತಿದ್ದರು.

ಅದಕ್ಕಿಂತ ಸೂಕ್ಷ್ಮವಾದ ತೊಂದರೆ 45 ಮತ್ತು 48ರ ಜೋಡಿ. ಅವು 110 ಮತ್ತು 131 ಹರ್ಟ್ಸ್. ನಡುವಿನ ಅಂತರ ಇಪ್ಪತ್ತೊಂದು ಹರ್ಟ್ಸ್ ಮಾತ್ರ. ಅಷ್ಟು ಹತ್ತಿರವಿದ್ದರೆ ಕಿವಿ ಅವನ್ನು ಎರಡು ಸ್ವರವಾಗಿ ಬಿಡಿಸಿಕೊಳ್ಳದೆ ಒಂದು ಗೊರಗೊರ ಸದ್ದಾಗಿ ಕೇಳುತ್ತದೆ. ಇದೇ ಜೋಡಿಯನ್ನು ಎರಡು ಆಕ್ಟೇವ್ ಮೇಲೆ ನುಡಿಸಿದರೆ 440 ಮತ್ತು 523. ಅಂತರ ಎಂಬತ್ತಮೂರು, ಎರಡೂ ಸ್ಪಷ್ಟ. ಪಿಯಾನೊ ಒಂದೇ ಇದ್ದಾಗ ಆ ಗೊರಗೊರವೇ 'ತುಂಬಿದ ನಾದ' ಎನಿಸುತ್ತದೆ. ಬೇಸಿನ ಪಕ್ಕದಲ್ಲಿ ಅದು ಕಸ. ಈಕ್ಯೂವಿನಿಂದ ಇದನ್ನು ಕತ್ತರಿಸಲು ಹೋದರೆ ಕಾರ್ಡಿನ ಉಳಿದ ಭಾಗದ ಮೈಯೂ ಹೋಗುತ್ತದೆ. ಸ್ವರವನ್ನೇ ತೆಗೆಯುವುದು ಲೇಸು.

ಎಡಗೈಯನ್ನು ಪೂರ್ತಿ ಅಳಿಸಿದೆವು. ಬಲಗೈಗೆ ಉಳಿದದ್ದು ಮೂರು ಸ್ವರ: ಜಿ, ಸಿ, ಇ, ಎಂದರೆ 55, 60, 64. ಎ ಎಲ್ಲಿ ಎಂದು ಅವರು ಕೇಳುವ ಮೊದಲೇ ಬೇಸನ್ನು ಹಾಕಿದೆ. ಬೇಸ್ ಎ ನುಡಿಸುತ್ತಿದ್ದರೆ ಆ ಮೂರು ಸ್ವರ ಎ ಮೈನರ್ ಸೆವೆಂತ್. ಮುಂದಿನ ಬಾರಿನಲ್ಲಿ ಜಿ ಬದಲು ಎ ಒತ್ತಿ ಬೇಸ್ ಎಫ್‌ಗೆ ಇಳಿದರೆ ಎಫ್ ಮೇಜರ್ ಸೆವೆಂತ್. ಮೂರನೆಯದರಲ್ಲಿ ಮತ್ತೆ ಜಿ, ಸಿ, ಇ. ಬೇಸ್ ಈಗ ಸಿ, ಹಾಗಾಗಿ ಅದು ಸಿ ಮೇಜರ್. ಮೊದಲ ಮತ್ತು ಮೂರನೆಯ ಬಾರಿನಲ್ಲಿ ಪಿಯಾನೊ ನುಡಿಸುವುದು ಅವೇ ಸ್ವರಗಳನ್ನು. ಬಣ್ಣ ಬದಲಾಗುವುದು ಕೆಳಗೆ. ನಾಲ್ಕನೆಯದಕ್ಕೆ ಜಿ, ಬಿ, ಡಿ. ಬೆರಳು ಹೆಚ್ಚೆಂದರೆ ಎರಡು ಮನೆ ಸರಿಯುತ್ತದೆ. ಹೊಳಪಿಗೆಂದು ಮೇಲಿನ ಸ್ವರವನ್ನು ಒಂದು ಆಕ್ಟೇವ್ ಮೇಲೆ ಇಮ್ಮಡಿಸಿದೆವು. ಏಳಿದ್ದದ್ದು ನಾಲ್ಕಾಯಿತು, ಪಿಯಾನೊದ ತಳ 55 ಹರ್ಟ್ಸ್‌ನಿಂದ 196ಕ್ಕೆ ಏರಿತು. ನಾನು ಹಿಂದಿನ ವಾರ 180ರಲ್ಲಿ ಈಕ್ಯೂ ಕತ್ತರಿ ಆಡಿಸಿದ್ದು ನೆನಪಿದೆಯಲ್ಲ? ಈಗ ಕತ್ತರಿಸಲು ಅಲ್ಲಿ ಹೆಚ್ಚೇನೂ ಇರಲಿಲ್ಲ.

ಶಿಕ್ಷಕಿಗೆ ಈ ಭಾಗ ಇಷ್ಟವಾಯಿತು. ಸ್ವರ ಬಿಡುವುದೂ ಒಂದು ವಿದ್ಯೆ ಎಂದು ಒಪ್ಪುವುದು ಅವರಿಗೆ ಕಷ್ಟವಾಗಲಿಲ್ಲ. ಪೆಡಲ್ ಬಿಡುವುದೇ ಕಷ್ಟ.

ಪೆಟ್ಟು ಎಲ್ಲಿ ಬೀಳಬೇಕು

ಮೂಲದಲ್ಲಿ ಅವರು ಬಾರಿನ ಎಂಟನೇ ಭಾಗದ ಸ್ವರಗಳನ್ನು ಸಮಸಮವಾಗಿ ನುಡಿಸಿದ್ದರು. ಎಂಟರಲ್ಲಿ ನಾಲ್ಕು ನೇರವಾಗಿ ಕಿಕ್ಕಿನ ತಲೆಯ ಮೇಲೆ. ನಾವು ಬಾರನ್ನು ಹದಿನಾರು ಮನೆಗಳಾಗಿ ಗೀಚಿಕೊಂಡೆವು. ಕಿಕ್ 1, 5, 9, 13ರಲ್ಲಿ. ಪಿಯಾನೊವನ್ನು 1, 4, 7, 11, 14ರಲ್ಲಿ ಇಟ್ಟೆವು. ನಡುವಿನ ಎಣಿಕೆ ಮೂರು, ಮೂರು, ನಾಲ್ಕು, ಮೂರು, ಮೂರು. ಬಾಯಲ್ಲಿ ಹೇಳಿಕೊಂಡು ಮೇಜು ತಟ್ಟಿದರೆ ತಾನಾಗಿ ತಲೆ ಆಡುತ್ತದೆ. ಕಿಕ್ ಜತೆ ಡಿಕ್ಕಿ ಹೊಡೆಯುವುದು ಮೊದಲ ಪೆಟ್ಟು ಮಾತ್ರ, ಅಲ್ಲಿ ಡಿಕ್ಕಿ ಬೇಕು ಕೂಡ. ಪ್ರತಿ ಸ್ವರದ ಉದ್ದವನ್ನು ಒಂದೂವರೆ ಮನೆಗೆ, ಎಂದರೆ 180 ಮಿಲಿಸೆಕೆಂಡಿಗೆ ಕತ್ತರಿಸಿದೆವು. ಉಳಿದದ್ದು ಮೌನ.

ಸ್ವರಗಳನ್ನು ಗ್ರಿಡ್ಡಿಗೆ, ಎಂದರೆ ಆ ಮನೆಗಳ ಗೆರೆಗೆ, ಪೂರ್ತಿ ಅಂಟಿಸಿದಾಗ ಸೈನ್ಯದ ಕವಾಯತಿನಂತೆ ಕೇಳಿತು. 54 ಶೇಕಡ ಸ್ವಿಂಗ್ ಕೊಟ್ಟೆವು. ಈ ವೇಗದಲ್ಲಿ ಹಾಗೆಂದರೆ ಸಮಸಂಖ್ಯೆಯ ಮನೆಗಳು ಸುಮಾರು ಹತ್ತು ಮಿಲಿಸೆಕೆಂಡ್ ತಡವಾಗುತ್ತವೆ. ನಮ್ಮ ಐದು ಪೆಟ್ಟುಗಳಲ್ಲಿ 4 ಮತ್ತು 14 ಮಾತ್ರ ಅಲುಗಿದವು. ಅಷ್ಟೇ ಸಾಕಾಯಿತು.

ವೆಲಾಸಿಟಿಯ, ಎಂದರೆ ಸ್ವರವನ್ನು ಒತ್ತಿದ ಬಲದ, ಬಗ್ಗೆ ಎರಡು ಮಾತು ಹೆಚ್ಚೇ ಹೇಳಬೇಕು, ಏಕೆಂದರೆ ಮನೆಯಲ್ಲಿ ಮಾಡುವವರು ಇದನ್ನು ಫೇಡರಿನ (ಸದ್ದಿನ ಮಟ್ಟದ ಜಾರುಗುಂಡಿಯ) ಜತೆ ಗೊಂದಲ ಮಾಡಿಕೊಳ್ಳುವುದನ್ನು ಪದೇ ಪದೇ ನೋಡಿದ್ದೇನೆ. ಮಿಡಿ ಸ್ವರದ ಬಲ 1ರಿಂದ 127ರವರೆಗೆ. ಶಿಕ್ಷಕಿಯ ಸ್ವರಗಳೆಲ್ಲ 55 ಮತ್ತು 80ರ ನಡುವೆ ಇದ್ದವು, ಸಂಭಾವಿತರ ಸ್ಪರ್ಶ. ಒಳ್ಳೆಯ ಸ್ಯಾಂಪಲ್ ಪಿಯಾನೊದಲ್ಲಿ ಮೆಲ್ಲಗೆ ಒತ್ತಿದ ಸ್ವರವೂ ಜೋರಾಗಿ ಬಡಿದ ಸ್ವರವೂ ಬೇರೆ ಬೇರೆಯಾಗಿ ಧ್ವನಿಮುದ್ರಣಗೊಂಡಿರುತ್ತವೆ. ಜೋರಾಗಿ ಬಡಿದಾಗ ಸದ್ದು ಹೆಚ್ಚುವುದಷ್ಟೇ ಅಲ್ಲ, ಮೂಲ ಸ್ವರದ ಜತೆ ತಂತಿಯಲ್ಲಿ ಹುಟ್ಟುವ ಮೇಲಿನ ಸ್ವರಾಂಶಗಳು (ಹಾರ್ಮಾನಿಕ್ಸ್) ಎದ್ದು ನಾದದ ಬಣ್ಣವೇ ಬದಲಾಗುತ್ತದೆ. ಮೆತ್ತನೆಯ ಸ್ವರವನ್ನು ಫೇಡರಿನಿಂದ ಎಷ್ಟು ಏರಿಸಿದರೂ ಅದು ಜೋರಾದ ಮೆತ್ತನೆಯ ಸ್ವರ. ಬಡಿತ ಅಲ್ಲಿಲ್ಲದಿದ್ದರೆ ಕಂಪ್ರೆಸರ್ ಅದನ್ನು ಹುಟ್ಟಿಸಿಕೊಡುವುದಿಲ್ಲ. ಮೊದಲ ಪೆಟ್ಟನ್ನು 116ಕ್ಕೆ, ಉಳಿದವನ್ನು 98ರಿಂದ 110ರ ನಡುವೆ ಏರಿಸಿ, ಫೇಡರನ್ನು ಐದು ಡೆಸಿಬೆಲ್ ಇಳಿಸಿದೆವು. ಕಡಿಮೆ ಸದ್ದಿನ ಪಿಯಾನೊ ಹೆಚ್ಚು ಮುಂದೆ ಬಂದು ನಿಂತಿತು.

ಅವರ ಸ್ವರಗಳು ಮೂಲದಲ್ಲಿ ಗ್ರಿಡ್ಡಿಗಿಂತ ಒಂದಿಷ್ಟು ಮುಂಚೆ ಬೀಳುತ್ತಿದ್ದವು ಎಂಬುದನ್ನೂ ದಾಖಲಿಸುತ್ತೇನೆ. ಕಾರಣ ಬಫರ್, ಎಂದರೆ ಕಂಪ್ಯೂಟರ್ ಸದ್ದನ್ನು ಹೊರಬಿಡುವ ಮೊದಲು ಕೂಡಿಟ್ಟುಕೊಳ್ಳುವ ತುಣುಕು. 1,024 ಸ್ಯಾಂಪಲ್ಲಿಗೆ ಇಟ್ಟಿದ್ದರು. ಸೆಕೆಂಡಿಗೆ 44,100 ಸ್ಯಾಂಪಲ್‌ಗಳ ದರದಲ್ಲಿ ಅದೊಂದೇ 23 ಮಿಲಿಸೆಕೆಂಡ್ ವಿಳಂಬ. ತಡವಾಗಿ ಕೇಳುವುದನ್ನು ಸರಿದೂಗಿಸಲು ಬೆರಳು ಅರಿವಿಲ್ಲದೆ ಮುಂಚೆ ಓಡುತ್ತಿತ್ತು. ನುಡಿಸುವಾಗ 128ಕ್ಕೆ ಇಳಿಸಿಕೊಂಡರೆ ಮೂರು ಮಿಲಿಸೆಕೆಂಡಿನೊಳಗೆ ಬರುತ್ತದೆ.

ಕೋಣೆಯ ಪಾಲು

ಇಷ್ಟಾದರೂ ಬೇಸಿನಲ್ಲಿ ಒಂದು ವಿಚಿತ್ರ ಉಳಿದಿತ್ತು. ಎ ಸ್ವರ ಬಂದಾಗಲೆಲ್ಲ ನನ್ನ ಸ್ಪೀಕರು ಗುಮ್ಮೆನ್ನುತ್ತಿತ್ತು. ಎಫ್, ಸಿ, ಜಿ ಸರಿಯಾಗಿದ್ದವು. ನೋಡಿದರೆ ಎ ಸ್ವರಗಳನ್ನು ಮಾತ್ರ ಅವರು ಐದು ಡೆಸಿಬೆಲ್ ಏರಿಸಿಟ್ಟಿದ್ದರು. "ಅದೊಂದೇ ಕೇಳಿಸುವುದಿಲ್ಲವಲ್ಲ" ಎಂದರು.

ಕೋಣೆಯ ಉದ್ದ ಅಳೆಯಲು ಹೇಳಿದೆ. ಮೂರು ಮೀಟರ್. ಕುರ್ಚಿ ಎಲ್ಲಿ? ಸರಿಯಾಗಿ ನಡುವೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದನ್ನು ಕೋಣೆಯ ಉದ್ದದ ಎರಡರಷ್ಟರಿಂದ, ಆರರಿಂದ, ಭಾಗಿಸಿದರೆ 57 ಹರ್ಟ್ಸ್. ಆ ಆವರ್ತನದ ಅಲೆ ಎರಡು ಗೋಡೆಗಳ ನಡುವೆ ನಿಂತುಬಿಡುತ್ತದೆ: ಗೋಡೆಯ ಬಳಿ ಭೋರೆನ್ನುತ್ತದೆ, ನಟ್ಟನಡುವೆ ಕೇಳಿಸುವುದೇ ಇಲ್ಲ. ಎ ಸ್ವರ 55. ಅವರು ಕುಳಿತ ಜಾಗದಲ್ಲಿ ಆ ಸ್ವರಕ್ಕೆ ಜಾಗವೇ ಇರಲಿಲ್ಲ, ಇಲ್ಲದ್ದನ್ನು ಏರಿಸುತ್ತ ಹೋಗಿದ್ದರು. ಕುರ್ಚಿಯನ್ನು ಮುಂದಿನ ಗೋಡೆಯಿಂದ ಒಂದು ಮೀಟರಿಗೆ ತುಸು ಹೆಚ್ಚು ದೂರಕ್ಕೆ ಸರಿಸಿ, ಬೇಸಿನ ತೀರ್ಪನ್ನು ಹೆಡ್‌ಫೋನಿಗೆ ಒಪ್ಪಿಸಿದೆವು. ಎ ಇಳಿಯಿತು. ಕಿಕ್ಕಿನ ಬಾಲ 420 ಮಿಲಿಸೆಕೆಂಡ್ ಇದ್ದದ್ದನ್ನು 250ಕ್ಕೆ ಮೊಟಕು ಮಾಡಿದೆವು. ಸೈಡ್‌ಚೈನ್ ಈಗ ಬೇಸಿನ ಮೇಲೆ ಮಾತ್ರ, ಮೂರು ಡೆಸಿಬೆಲ್. ಉಬ್ಬಸ ಇಲ್ಲ.

ಮೊನೊದಲ್ಲಿ ಕೇಳಿದಾಗ ಪಿಯಾನೊ ಡೊಗರು ಬಿದ್ದಂತಾಯಿತು. ಆ ಪಿಯಾನೊವನ್ನು ದೂರ ದೂರ ಇಟ್ಟ ಎರಡು ಮೈಕುಗಳಿಂದ ಧ್ವನಿಮುದ್ರಿಸಿರಬೇಕು. ಎಡಬಲ ಎರಡೂ ಕೂಡಿದಾಗ ಕೆಲವು ಆವರ್ತನಗಳು ಪರಸ್ಪರ ಅಳಿಸಿಕೊಳ್ಳುತ್ತವೆ. ಡ್ರಾಪಿನಲ್ಲಿ ಎಡಬಲದ ಅಗಲವನ್ನು ಅರ್ಧಕ್ಕಿಂತ ಕಡಿಮೆ ಮಾಡಿ ಮುಗಿಸಿದೆವು. ಸದ್ದಿನ ಮಟ್ಟದ ಬಗ್ಗೆ ಜಗಳವಾಗಲಿಲ್ಲ: ಸ್ಪಾಟಿಫೈ ಹಾಡುಗಳನ್ನು ಮೈನಸ್ 14 ಲಫ್ಸ್ (ಕಿವಿಗೆ ಕೇಳುವ ಒಟ್ಟು ಜೋರಿನ ಅಳತೆ) ಮಟ್ಟಕ್ಕೆ ತಂದು ಕೇಳಿಸುವಾಗ ಮೈನಸ್ 6ಕ್ಕೆ ಒತ್ತಿ ಸುತ್ತಿಗೆಯ ಪೆಟ್ಟನ್ನೇ ಚಪ್ಪಟೆ ಮಾಡುವುದರಲ್ಲಿ ಅರ್ಥವಿಲ್ಲ ಎಂದು ಇಬ್ಬರಿಗೂ ಅನಿಸಿತು. ಮೈನಸ್ 9ರ ಸುತ್ತ ಬಿಟ್ಟೆವು.

ಆ ಪ್ರಶ್ನೆಗೆ ಉತ್ತರ

ಕೈ ಯಾತಕ್ಕೆ ಎಂದು ಕೇಳಿದ್ದರಲ್ಲ. ನಾವು ಬ್ರೇಕ್‌ಡೌನನ್ನು ಮುಟ್ಟಲೇ ಇಲ್ಲ. ಅಲ್ಲಿ ಕಿಕ್ ಇಲ್ಲ, ಬೇಸ್ ಇಲ್ಲ. 55 ಹರ್ಟ್ಸ್ ಪೂರ್ತಿ ಅವರ ಎಡಗೈಯದು. ಪೆಡಲ್, ಏಳು ಸ್ವರ, 55ರಿಂದ 80ರ ಮೆತ್ತನೆಯ ಸ್ಪರ್ಶ, ಪೂರ್ತಿ ಅಗಲ, ಎಲ್ಲವೂ ಮೊದಲಿನಂತೆ. ಹದಿನಾರು ಬಾರ್ ಎಂದರೆ ಮೂವತ್ತು ಸೆಕೆಂಡಿಗೆ ಸ್ವಲ್ಪ ಮೇಲೆ. 32ನೇ ಬಾರಿನ ಕೊನೆಯ ಬೀಟಿನಲ್ಲಿ ಪೆಡಲ್ ಏಳುತ್ತದೆ, 480 ಮಿಲಿಸೆಕೆಂಡ್ ಏನೂ ಇಲ್ಲ, ಆಮೇಲೆ ಹಲಗೆ. ಮೊದಲ ಸಲ ಇದನ್ನು ಒಟ್ಟಿಗೆ ಕೇಳಿದಾಗ ಶಿಕ್ಷಕಿ ಏನೂ ಹೇಳದೆ ಮತ್ತೆ 17ನೇ ಬಾರಿಗೆ ಹಿಂದಿರುಗಿಸಿದರು. ಮೂರು ಸಲ. ಡ್ರಾಪಿನ ಪಿಯಾನೊ ಅವರಿಗೆ ಇನ್ನೂ ಒಣಕಲು ಎನಿಸುತ್ತದೆ, ಆದರೆ ಬ್ರೇಕ್‌ಡೌನಿನ ನಂತರ ಆ ಒಣಕಲು ಬೇಕು ಎಂದು ಒಪ್ಪಿದರು. ರಾಜಿಯಾಗಿ ಒಂದು ರಿವರ್ಬನ್ನು ಪಿಯಾನೊ ಮೇಲಲ್ಲ, ಪಕ್ಕದ ಪ್ರತ್ಯೇಕ ಚಾನೆಲ್ಲಿನಲ್ಲಿ ಇಟ್ಟು, ಅದರ 400 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ, ಕಿಕ್ಕಿನ ಲಗಾಮನ್ನು ಆ ರಿವರ್ಬಿಗೆ ಮಾತ್ರ ಕಟ್ಟಿದೆವು. ಪಿಯಾನೊ ಅಲುಗುವುದಿಲ್ಲ, ಅದರ ನೆರಳು ಮಾತ್ರ ಕಿಕ್ಕಿಗೆ ತಲೆಬಾಗುತ್ತದೆ.

ಟ್ರ್ಯಾಕಿನ ಮೇಲೆ ಈಗ ಎರಡು ಪ್ಲಗಿನ್‌ಗಳಿವೆ: ಒಂದು ಈಕ್ಯೂ, ಒಂದು ಕಂಪ್ರೆಸರ್. ಎರಡೂ ಹೆಚ್ಚೇನೂ ಮಾಡುತ್ತಿಲ್ಲ.

ಕೊನೆಯ ಕಡತ ಬಂದಾಗ ಅಭ್ಯಾಸಬಲದಿಂದ ಕೆಳಗಿನ ಪಟ್ಟಿಯನ್ನು ಎಳೆದು ನೋಡಿದೆ. ಡ್ರಾಪಿನ ಕಟ್ಟಕಡೆಯ ಬಾರಿನಲ್ಲಿ, 14ನೇ ಮನೆಯ ಪೆಟ್ಟಿಗೆ, 64ನೇ ಕಂಟ್ರೋಲರ್ 127. ನನಗೆ ಹೇಳದೆ ಒಂದು ಪೆಡಲನ್ನು ಮರಳಿ ಒತ್ತಿದ್ದರು. ಅಳಿಸಲು ಕೈ ಹೋಯಿತು. ಮೊದಲು ಕೇಳಿ ನೋಡಿದೆ. ಆ ಪೆಟ್ಟಿನ ನಂತರ ಇನ್ನೊಂದು ಕಿಕ್ ಇಲ್ಲ, ಜಿ ಕಾರ್ಡ್ ಒಂದೇ ಸುಮಾರು ಎರಡು ಬಾರ್ ತನಕ ತೇಲಿ ಹೋಗುತ್ತದೆ. ಮೊನೊದಲ್ಲೂ ಕೇಳಿದೆ. ಹಾಗೇ ಬಿಟ್ಟೆ.